ಇಯರ್‌ಪ್ಲಗ್ ಹಾಕಿಕೊಂಡೂ ಕಿವಿ ಹೋಗುವುದೇಕೆ?

ಕಾಲು, ಪಾಲು, ಸಾಲು, ಹಾಲು. ನಾಲ್ಕೂ ಪದಗಳ ಬಾಲ ಒಂದೇ, ತಲೆ ಮಾತ್ರ ಬೇರೆ. ಬಾಲದಲ್ಲಿರುವ ‘ಆ’ ಗಟ್ಟಿ ಸದ್ದು. ಅದರ ಬಲವೆಲ್ಲ 1,000 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಎಣಿಕೆ; ಹೆಚ್ಚಿದಷ್ಟೂ ಸ್ವರ ಮೇಲೆ) ಆಸುಪಾಸಿನಲ್ಲಿ ಮತ್ತು ಅದಕ್ಕೂ ಕೆಳಗಿರುತ್ತದೆ. ತಲೆಯಲ್ಲಿರುವ ವ್ಯಂಜನ ಬರೀ ಒಂದು ಸಣ್ಣ ಸಿಡಿತ ಅಥವಾ ಉಸಿರು. ‘ಸ’ಕಾರವಂತೂ 4,000 ಹರ್ಟ್ಸ್ ಹತ್ತಿರ ಮತ್ತು ಅದರ ಮೇಲೆ ಕೇಳುವ ಸದ್ದು. ಗದ್ದಲಕ್ಕೆ ಸಿಕ್ಕ ಕಿವಿ ಮೊದಲು ಕಳೆದುಕೊಳ್ಳುವುದು ಸರಿಯಾಗಿ ಆ ಜಾಗವನ್ನೇ. ಆದ್ದರಿಂದ ಇಂಥ ಕಿವಿಯವರು ‘ನನಗೆ ಕೇಳಿಸಲ್ಲ’ ಎಂದು ಹೇಳುವುದೇ ಇಲ್ಲ. ‘ಕೇಳಿಸುತ್ತೆ, ಆದರೆ ಏನಂದರು ಅಂತ ತಿಳಿಯಲ್ಲ’ ಎನ್ನುತ್ತಾರೆ. ಎದುರು ಕೂತು ಒಬ್ಬರೇ ಮಾತಾಡಿದರೆ ತುಟಿ ನೋಡಿ ಸಂಭಾಳಿಸುತ್ತಾರೆ. ಮದುವೆ ಮನೆಯಲ್ಲಿ, ಹೋಟೆಲಿನಲ್ಲಿ, ಫೋನಿನಲ್ಲಿ ತಬ್ಬಿಬ್ಬಾಗುತ್ತಾರೆ. ಟಿವಿ ಸದ್ದು ಏರುತ್ತದೆ. ಮನೆಯವರು ಇದನ್ನು ಗಮನಗೇಡಿತನ ಎಂದುಕೊಳ್ಳುತ್ತಾರೆ. ಹೀಗೆ ಐದಾರು ವರ್ಷ ಸುಮ್ಮನೆ ಕಳೆದುಹೋಗುತ್ತದೆ.

ಪುಣೆಯ ಕನ್ನಡಿಗರಿಗೆ ಇದು ದೂರದ ಮಾತಲ್ಲ. ವಿಜಯಪುರ, ಕಲಬುರಗಿ, ಬೀದರ್, ಬೆಳಗಾವಿ ಕಡೆಯಿಂದ ಬಂದವರು ಭೋಸರಿ, ಚಾಕಣ್, ತಳೇಗಾಂವ್‌ನ ಪ್ರೆಸ್ ಶಾಪ್ (ತಗಡು ಒತ್ತುವಲ್ಲಿ), ಫೋರ್ಜಿಂಗ್ (ಕಾದ ಲೋಹ ಬಡಿಯುವಲ್ಲಿ), ಫೆಟ್ಲಿಂಗ್ (ಎರಕದ ಅಂಚು ಉಜ್ಜುವಲ್ಲಿ) ವಿಭಾಗಗಳಲ್ಲಿ ಪಾಳಿ ಮೇಲೆ ಪಾಳಿ ನಿಲ್ಲುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ಅವರ ಮಕ್ಕಳು ಢೋಲ್-ತಾಶಾ ಪಥಕಗಳಲ್ಲಿ, ಅಂದರೆ ಗಣೇಶೋತ್ಸವದ ವಾದ್ಯ ತಂಡಗಳಲ್ಲಿ, ಸೊಂಟಕ್ಕೆ ಢೋಲು ಕಟ್ಟುತ್ತಾರೆ. ಇಬ್ಬರದೂ ಒಂದೇ ಕಿವಿ, ಒಂದೇ ಲೆಕ್ಕ.

ಕಿವಿಯೊಳಗೆ ಆಗುವುದೇನು? ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ ಎಂಬ ಅಂಗದಲ್ಲಿ ಸೂಕ್ಷ್ಮ ಕೂದಲುಳ್ಳ ಕೋಶಗಳಿವೆ. ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ ಸುಮಾರು 12,000. ಹೊರಸಾಲಿನವು ಮೆಲುದನಿಯನ್ನು ಹಿಗ್ಗಿಸಿ ಕೊಡುತ್ತವೆ, ಒಳಸಾಲಿನವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಗದ್ದಲಕ್ಕೆ ಮೊದಲು ಬಲಿಯಾಗುವುದು ಹೊರಸಾಲು. ಅತಿಯಾಗಿ ದುಡಿಸಿದಾಗ ಈ ಕೋಶಗಳ ಒಳಗಿನ ರಾಸಾಯನಿಕ ಸಮತೋಲ ಕೆಡುತ್ತದೆ, ಸುಧಾರಿಸಿಕೊಳ್ಳಲು ಬಿಡುವು ಸಿಗದಿದ್ದರೆ ಸಾಯುತ್ತವೆ. ಕೋಳಿಗೂ ಇತರ ಹಕ್ಕಿಗಳಿಗೂ ಸತ್ತ ಜಾಗದಲ್ಲಿ ಹೊಸ ಕೋಶ ಹುಟ್ಟುತ್ತದೆ. ಮನುಷ್ಯನಿಗೆ ಹುಟ್ಟುವುದಿಲ್ಲ. 4,000 ಹರ್ಟ್ಸ್ ಜಾಗವೇ ಮೊದಲು ಹೋಗುವುದಕ್ಕೂ ಕಾರಣವಿದೆ: ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕೊಳವೆ. ಕೊಳಲಿನಂತೆ ಅದು 3,000 ಹರ್ಟ್ಸ್ ಆಸುಪಾಸಿನ ಸದ್ದನ್ನು ತಾನಾಗಿಯೇ ಹಿಗ್ಗಿಸುತ್ತದೆ, ಆ ಏಟು ಒಳಗೆ ಬೀಳುವುದು ಅದಕ್ಕಿಂತ ತುಸು ಮೇಲಿನ ಸ್ವರಸ್ಥಾನಕ್ಕೆ.

ಪಾಳಿ ಮುಗಿಸಿ ಹೊರಬಂದಾಗ ಕಿವಿಗೆ ಹತ್ತಿ ತುರುಕಿದಂತೆ ಅನಿಸುವುದು, ‘ಗುಂಯ್’ ಎನ್ನುವುದು, ಮಲಗಿ ಎದ್ದರೆ ಸರಿಹೋಗುವುದು ತಾತ್ಕಾಲಿಕ ಮಂದ. ‘ಬೆಳಗ್ಗೆ ಸರಿಯಾಯಿತಲ್ಲ’ ಎಂದು ಜನ ಅದನ್ನು ಮರೆಯುತ್ತಾರೆ. ಕೂಜಾವಾ ಮತ್ತು ಲಿಬರ್ಮನ್ ಎಂಬ ಸಂಶೋಧಕರು 2009ರಲ್ಲಿ ಇಲಿಗಳ ಮೇಲೆ ತೋರಿಸಿದ ಸಂಗತಿ ಇಲ್ಲಿ ಮುಖ್ಯ. ಪರೀಕ್ಷೆಯಲ್ಲಿ ಶ್ರವಣಮಟ್ಟ ಪೂರ್ತಿ ಮರಳಿ ಬಂದಿದ್ದ ಇಲಿಗಳಲ್ಲೂ ಒಳಸಾಲಿನ ಕೋಶಕ್ಕೂ ನರಕ್ಕೂ ಇರುವ ಬೆಸುಗೆಗಳು ಶಾಶ್ವತವಾಗಿ ಕಡಿದುಹೋಗಿದ್ದವು. ಹಾಗಾಗಿ ಕಿವಿ ಗುಂಯ್‌ಗುಟ್ಟಿತೆಂದರೆ ಅವತ್ತಿನ ಮಿತಿ ದಾಟಿತು ಎಂದೇ ಎಣಿಸಬೇಕು.

ಈಗ ಆ ಮಿತಿಯ ಲೆಕ್ಕ. ಇದು ತಲೆಗೆ ಹೋಗದೆ ಮುಂದಿನದು ಯಾವುದೂ ಕೆಲಸಕ್ಕೆ ಬಾರದು. ಸದ್ದಿನ ಬಲ ಹೇಳುವ ಡೆಸಿಬೆಲ್ ಸಾಮಾನ್ಯ ಕೂಡಿಕೆಯ ಅಳತೆಯಲ್ಲ. 3 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ದುಪ್ಪಟ್ಟು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ ಶಿಫಾರಸು ಮಾಡುವ ಮಿತಿ 85 ಡೆಸಿಬೆಲ್‌ಗೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ: 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ 15 ನಿಮಿಷ. ನಮ್ಮ ಕಾರ್ಖಾನೆ ನಿಯಮಗಳಲ್ಲಿ ದಶಕಗಳಿಂದ ಬಂದ ಮಿತಿ ಇದಕ್ಕಿಂತ ಸಡಿಲ: 90ಕ್ಕೆ 8 ಗಂಟೆ, 95ಕ್ಕೆ 4, 100ಕ್ಕೆ 2 ಗಂಟೆ, 115 ದಾಟಿದರೆ ಕಿವಿಗೆ ರಕ್ಷಣೆಯಿಲ್ಲದೆ ಒಂದು ಕ್ಷಣವೂ ಸಲ್ಲದು. ನನ್ನ ಮಾತು ನೇರ: 90 ಎಂಬುದು ಇನ್‌ಸ್ಪೆಕ್ಟರರಿಗೆ ತೋರಿಸುವ ಮಿತಿ, ಕಿವಿ ಉಳಿಸುವ ಮಿತಿ 85. ಯಂತ್ರದ ಹತ್ತಿರ ಒಂದು ತೋಳಿನ ದೂರದಲ್ಲಿ ನಿಂತವರಿಗೆ ದನಿ ಏರಿಸಿಯೇ ಹೇಳಬೇಕಾಗುತ್ತಿದೆ ಎಂದರೆ ಅಲ್ಲಿ 85 ಆಗಿದೆ ಎಂದುಕೊಳ್ಳಿ. ಮುಂಬಯಿ ಸಂಚಾರ ಪೊಲೀಸರು 2020ರ ಸುಮಾರಿಗೆ ಕೆಲವು ಸಿಗ್ನಲ್‌ಗಳಿಗೆ ಡೆಸಿಬೆಲ್ ಮೀಟರ್ ಜೋಡಿಸಿ, ಹಾರ್ನ್ ಗದ್ದಲ 85 ದಾಟಿದರೆ ಕೆಂಪುದೀಪದ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುವಂತೆ ಮಾಡಿದ್ದರು. ದಿನದ ಮಿತಿ ಮುಟ್ಟುವುದೆಂದರೆ ಅಷ್ಟು ಗದ್ದಲದ ನಡುವೆ ಎಂಟು ಗಂಟೆ ನಿಂತಂತೆ.

ಮೊಬೈಲ್ ಆ್ಯಪ್‌ನಲ್ಲಿ ಅಳೆಯುವುದಾದರೆ ‘ಎ’ ವೇಟಿಂಗ್, ‘ಸ್ಲೋ’ ಎಂದು ಇಟ್ಟು, ಫೋನನ್ನು ಕಿವಿಯ ಎತ್ತರದಲ್ಲಿ ಹಿಡಿಯಿರಿ. ಸುಮಾರು ಅಂದಾಜಿಗೆ ಸಾಕು. ಪ್ರೆಸ್ಸಿನ ಬಡಿತ ಅಥವಾ ಪಟಾಕಿಗೆ ಮಾತ್ರ ಆ ಅಂಕಿ ನಂಬಬೇಡಿ. ಫೋನಿನ ಮೈಕು ಅಂಥ ಸದ್ದಿಗೆ ತುಂಬಿ ನಿಂತುಬಿಡುತ್ತದೆ, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ಇನ್ನು ಶೀರ್ಷಿಕೆಯ ಪ್ರಶ್ನೆ. ಪ್ರೆಸ್ ಶಾಪಿನಲ್ಲಿ 97 ಡೆಸಿಬೆಲ್ ಇದೆ ಎನ್ನಿ. ಒಬ್ಬರು ಕಿವಿಗೆ ಸದ್ದು ತಡೆಯುವ ಒಳ್ಳೆಯ ಪ್ಲಗ್ ಹಾಕಿ ಏಳೂವರೆ ಗಂಟೆ ಕೆಲಸ ಮಾಡಿದರು. ಸೂಪರ್‌ವೈಸರ್ ಕರೆದಾಗ, ಫೋನ್ ಬಂದಾಗ, ಡೈ (ಅಚ್ಚು) ಸೆಟ್ ಮಾಡುವಾಗ ‘ಸದ್ದು ಗೊತ್ತಾಗಬೇಕು’ ಎಂದು ತೆಗೆದಾಗ, ಎಲ್ಲ ಸೇರಿ ಅರ್ಧ ಗಂಟೆ ಬರಿಗಿವಿಯಲ್ಲಿದ್ದರು. 97ಕ್ಕೆ ಇಡೀ ದಿನದ ಪಾಲೇ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲೇ ಅದು ಮುಗಿಯಿತು. ಉಳಿದ ಏಳೂವರೆ ಗಂಟೆಯ ಶಿಸ್ತು ಅದನ್ನು ವಾಪಸು ತರಲಾರದು. ಇನ್ನೊಂದು ಬಗೆಯಲ್ಲಿ ನೋಡಿ: 30 ಡೆಸಿಬೆಲ್ ತಡೆಯುವ ಪ್ಲಗ್ಗನ್ನು ಅರ್ಧ ಪಾಳಿ ಮಾತ್ರ ಹಾಕಿದರೆ ದಿನದ ಒಟ್ಟು ಲೆಕ್ಕದಲ್ಲಿ ಸಿಗುವ ರಕ್ಷಣೆ ಬರೀ 3 ಡೆಸಿಬೆಲ್. 48 ನಿಮಿಷ ತೆಗೆದರೆ 10. ಐದೇ ನಿಮಿಷ ತೆಗೆದರೂ 20ರ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಕಟ್ಟಿನ ಮೇಲೆ ದೊಡ್ಡ ಅಂಕಿಯಿರುವ, ಆದರೆ ನೋವು ಕೊಟ್ಟು ಪದೇಪದೇ ತೆಗೆಯುವಂತೆ ಮಾಡುವ ಪ್ಲಗ್ಗಿಗಿಂತ ಕಡಿಮೆ ಅಂಕಿಯ, ಇಡೀ ಪಾಳಿ ಕಿವಿಯಲ್ಲೇ ಕೂರುವ ಪ್ಲಗ್ಗು ಮೇಲು.

ಕಟ್ಟಿನ ಮೇಲಿನ ಅಂಕಿಯನ್ನೂ ಹಾಗೇ ನಂಬುವಂತಿಲ್ಲ. ಎನ್‌ಆರ್‌ಆರ್ (ಎಷ್ಟು ಡೆಸಿಬೆಲ್ ತಡೆಯುತ್ತದೆ ಎಂಬ ಅಂಕಿ) 29 ಎಂದಿದ್ದರೆ ಅದು ಪ್ರಯೋಗಾಲಯದಲ್ಲಿ, ಬೇರೆಯವರು ನೋಡಿಕೊಂಡು ಹಾಕಿಸಿದಾಗ ಬಂದದ್ದು. ಕೆಲಸದ ಜಾಗಕ್ಕೆ ಅಂದಾಜು ಕಟ್ಟುವ ರೂಢಿ ಹೀಗೆ: 29ರಿಂದ 7 ಕಳೆ, ಉಳಿದದ್ದನ್ನು ಅರ್ಧ ಮಾಡು. ಬರುವುದು 11. ಅಂದರೆ 96 ಡೆಸಿಬೆಲ್ ಜಾಗದಲ್ಲಿ ಕಿವಿಗೆ ಬೀಳುವುದು 85. ಆ ಅರ್ಧ ಎಲ್ಲಿ ಸೋರಿತು? ಹಾಕುವ ರೀತಿಯಲ್ಲಿ.

ಫೋಮ್ ಪ್ಲಗ್ ಹಾಕುವುದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ತಪ್ಪೆಲ್ಲ ಇಲ್ಲೇ. ಮೊದಲು ಕೈ ತೊಳೆಯಿರಿ. ಆಯಿಲ್, ಲೋಹದ ಚೂರು ಮೆತ್ತಿದ ಬೆರಳಿನಿಂದ ಹಾಕಿದರೆ ಕಿವಿನಾಳ ಕೆರೆದು ಸೋಂಕಾಗುತ್ತದೆ. ಹಾಗಾಗಿ ಶಾಪ್ ಒಳಗಲ್ಲ, ಬಟ್ಟೆ ಬದಲಾಯಿಸುವಲ್ಲೇ ಹಾಕಿಕೊಂಡು ಒಳಹೋಗುವುದು ಸರಿ. ಪ್ಲಗ್ಗನ್ನು ಹೆಬ್ಬೆರಳು-ತೋರುಬೆರಳ ನಡುವೆ ಬತ್ತಿ ಹೊಸೆಯುವಂತೆ ಹೊಸೆಯಿರಿ, ಸುಕ್ಕಿಲ್ಲದೆ, ಆದಷ್ಟು ಸಣ್ಣಗೆ. ಹಿಚುಕಿದರೆ ಸುಕ್ಕು ಬೀಳುತ್ತದೆ, ಆ ಸುಕ್ಕೇ ಸದ್ದು ನುಸುಳುವ ದಾರಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲ್ತುದಿ ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಕಿವಿನಾಳ ಸೊಟ್ಟಗಿರುತ್ತದೆ, ಹೀಗೆ ಎಳೆದಾಗ ನೆಟ್ಟಗಾಗುತ್ತದೆ. ಆಗ ಬತ್ತಿಯನ್ನು ಒಳಗೆ ಸರಿಸಿ, ಬೆರಳ ತುದಿಯಿಂದ ಮೂವತ್ತು ಎಣಿಸುವವರೆಗೆ ಒತ್ತಿ ಹಿಡಿಯಿರಿ. ಫೋಮ್ ಉಬ್ಬುತ್ತಾ ಹೊರಗೆ ತಳ್ಳಿಕೊಳ್ಳಲು ನೋಡುತ್ತದೆ; ಹೆಚ್ಚಿನವರು ಐದು ಎಣಿಸುವುದರೊಳಗೆ ಕೈ ಬಿಡುತ್ತಾರೆ. ಡಿಸೆಂಬರಿನ ರಾತ್ರಿ ಪಾಳಿಯಲ್ಲಿ ಚಳಿಗೆ ಫೋಮ್ ಗಡುಸಾಗಿ ಇನ್ನೂ ನಿಧಾನ ಉಬ್ಬುತ್ತದೆ, ಇನ್ನಷ್ಟು ಹೊತ್ತು ಹಿಡಿಯಬೇಕು.

ಸರಿಯಾಗಿ ಕೂತಿದೆಯೇ ಎಂದು ನೋಡಲು ಮೂರು ಗುರುತು. ಎದುರಿಗೆ ನಿಂತವರಿಗೆ ಪ್ಲಗ್ಗಿನ ತುದಿ ಕಾಣಬಾರದು. ಬಣ್ಣದ ಕಡ್ಡಿಯಂತೆ ಹೊರಚಾಚಿದ್ದರೆ ಅದು ಅಲಂಕಾರ ಮಾತ್ರ. ನಿಮ್ಮದೇ ಮಾತು ಕೊಡದೊಳಗೆ ಮಾತಾಡಿದಂತೆ ಮೊಳಗಬೇಕು. ಗದ್ದಲದಲ್ಲಿ ನಿಂತು ಎರಡೂ ಅಂಗೈಗಳಿಂದ ಕಿವಿ ಮುಚ್ಚಿ ತೆರೆದರೆ ಸದ್ದಿನಲ್ಲಿ ಹೆಚ್ಚು ವ್ಯತ್ಯಾಸ ಆಗಬಾರದು. ವ್ಯತ್ಯಾಸ ಆಯಿತೆಂದರೆ ಪ್ಲಗ್ ಸೋರುತ್ತಿದೆ. ತೆಗೆಯುವಾಗ ತಿರುಗಿಸುತ್ತಾ ನಿಧಾನ ಎಳೆಯಿರಿ, ಜಗ್ಗಿದರೆ ಒಳಗೆ ಸೆಳೆತ ಉಂಟಾಗಿ ಕಿವಿಯ ತಮಟೆ ನೋಯುತ್ತದೆ. ಹೊಸೆದ ಮೇಲೆ ಮೊದಲಿನಂತೆ ಉಬ್ಬದ, ಕೊಳೆಯಾದ ಫೋಮನ್ನು ಎಸೆಯಿರಿ. ಮೂರು ಛತ್ರಿಗಳಂಥ ಸಿಲಿಕಾನ್ ಪ್ಲಗ್ಗನ್ನು ಸೋಪಿನಲ್ಲಿ ತೊಳೆದು ಮತ್ತೆ ಬಳಸಬಹುದು. ಹೊಸೆಯುವ ಕಷ್ಟವಿಲ್ಲ, ಕೈ ಕೊಳೆಯಾಗುವ ಕೆಲಸಕ್ಕೆ ಇದೇ ಒಳ್ಳೆಯದು. ಆದರೆ ಅದಕ್ಕೆ ಅಳತೆಯಿದೆ, ಎಡ ಬಲ ಕಿವಿಗೆ ಬೇರೆ ಬೇರೆ ಅಳತೆ ಬೇಕಾಗುವುದೂ ಉಂಟು. ಹತ್ತಿ ತುರುಕಿಕೊಳ್ಳುವುದು ರಕ್ಷಣೆಯೇ ಅಲ್ಲ.

ಇಯರ್‌ಮಫ್ ಹಾಕುವವರು ಕನ್ನಡಕದ ಕಡ್ಡಿ, ಟೋಪಿಯ ಅಂಚು, ದಟ್ಟ ಗಡ್ಡ ಇವುಗಳನ್ನು ನೋಡಿಕೊಳ್ಳಿ. ಮೆತ್ತೆ ಚರ್ಮಕ್ಕೆ ಪೂರ್ತಿ ತಾಗದ ಕಡೆಯಿಂದ ಸದ್ದು ನುಗ್ಗುತ್ತದೆ. ಬೆವರಿಗೆ ಮೆತ್ತೆ ಗಡುಸಾಗಿ ಬಿರುಕು ಬಿಟ್ಟರೆ ಬದಲಾಯಿಸಬೇಕು. ಬಿಗಿಯಾಗಿದೆ ಎಂದು ತಲೆಪಟ್ಟಿಯನ್ನು ಹಿಗ್ಗಿಸಿ ಇಡುವುದು ಸಾಮಾನ್ಯ, ಆ ಬಿಗಿಯೇ ಅದರ ಕೆಲಸ. ಫೋರ್ಜಿಂಗ್ ಹ್ಯಾಮರಿನಂಥ ಕಡೆ ಪ್ಲಗ್ಗೂ ಮಫ್ಫೂ ಎರಡೂ ಬೇಕು. ಹಾಗೆಂದು ಎರಡರ ಅಂಕಿ ಕೂಡಿಸಬೇಡಿ, ಹೆಚ್ಚುವುದು 5ರಿಂದ 10 ಡೆಸಿಬೆಲ್. ಅತಿಯಾಗಿ ಮುಚ್ಚುವುದೂ ತಪ್ಪು. ಒಳಗೆ ಬೀಳುವ ಸದ್ದು 70ಕ್ಕಿಂತ ಕೆಳಗಿಳಿದರೆ ಫೋರ್ಕ್‌ಲಿಫ್ಟಿನ ಹಾರ್ನ್ ಕೇಳದು, ಮನುಷ್ಯ ಪ್ಲಗ್ ತೆಗೆಯುತ್ತಾನೆ. ಕಿವಿಗೆ 75ರಿಂದ 80 ಬೀಳುವಂತೆ ಆರಿಸುವುದು ಹದ.

ಇಷ್ಟೆಲ್ಲ ಹೇಳಿದ ಮೇಲೂ ಪ್ಲಗ್ಗು ಕೊನೆಯ ಉಪಾಯವೇ. ಸದ್ದನ್ನು ಹುಟ್ಟುವಲ್ಲೇ ತಗ್ಗಿಸುವುದು ಮೊದಲನೆಯದು, ಮತ್ತು ಅದಕ್ಕೆ ಯಾವಾಗಲೂ ಲಕ್ಷಗಟ್ಟಲೆ ಬೇಕಿಲ್ಲ. ಪ್ರೆಸ್ ಶಾಪಿನಲ್ಲಿ ಕಿವಿ ಕೊಟ್ಟು ಕೇಳಿ: ಪ್ರೆಸ್ಸಿನ ಬಡಿತಕ್ಕಿಂತ ಕರ್ಕಶವಾದದ್ದು ಗಾಳಿಯ ‘ಚುಸ್ಸ್’. ಸಿಲಿಂಡರ್ ಹಿಂದೆ ಬರುವಾಗ ವಾಲ್ವಿನಿಂದ ಬಿಡುವ ಗಾಳಿಗೆ ಕಂಚಿನ ಸಣ್ಣ ಸೈಲೆನ್ಸರ್ ತಿರುಗಿಸಿ ಕೂರಿಸಬಹುದು, ಬೆಲೆ ತೀರಾ ಕಡಿಮೆ. ಕೆಡುವುದು ಹೀಗೆ: ಗಾಳಿಯಲ್ಲಿ ಬರುವ ಎಣ್ಣೆ ಮತ್ತು ಧೂಳು ಅದರ ರಂಧ್ರ ಮುಚ್ಚುತ್ತದೆ, ಗಾಳಿ ಹೊರಹೋಗದೆ ಸಿಲಿಂಡರ್ ನಿಧಾನವಾಗುತ್ತದೆ, ಉತ್ಪಾದನೆ ಬೀಳುತ್ತದೆ, ಯಾರೋ ಅದನ್ನು ಬಿಚ್ಚಿ ಬಿಸಾಡುತ್ತಾರೆ. ಬಿಚ್ಚುವ ಬದಲು ನಿಯಮಿತವಾಗಿ ತೊಳೆದು ಊದಿ ಕೂರಿಸುವುದನ್ನು ಮೇಂಟೆನೆನ್ಸ್ ಪಟ್ಟಿಯಲ್ಲಿ ಬರೆಸಿ. ಏರ್ ಗನ್‌ಗೆ ಬರಿಯ ಕೊಳವೆ ಕಟ್ಟಿ ಊದುವ ಬದಲು ಸದ್ದು ತಗ್ಗಿಸುವ ನಾಜಲ್ ಹಾಕಿ, ಒತ್ತಡವನ್ನು ರೆಗ್ಯುಲೇಟರಿನಲ್ಲಿ ಇಳಿಸಿ. ಒತ್ತಡ ಇಳಿದಂತೆ ಸದ್ದು ಬಹಳ ಬೇಗ ಇಳಿಯುತ್ತದೆ. ಲೋಹದ ಜಾರುಬಂಡೆಯ ಮೇಲೆ ಬಿಡಿಭಾಗ ಬೀಳುವ ಕಡೆ ರಬ್ಬರ್ ಹಾಸಿ, ಬೀಳುವ ಎತ್ತರ ಕಡಿಮೆ ಮಾಡಿ, ಕಬ್ಬಿಣದ ಡಬ್ಬಿಯ ಬದಲು ಪ್ಲಾಸ್ಟಿಕ್ ಕ್ರೇಟ್ ಇಡಿ. ಸಡಿಲ ಗಾರ್ಡು ಬಿಗಿ ಮಾಡಿಸಿ, ಸವೆದ ಬೇರಿಂಗು ಬದಲಾಯಿಸಿ. ಗ್ರೈಂಡಿಂಗ್ ಮಾಡುವವರನ್ನು ಪ್ರೆಸ್ಸಿನ ಪಕ್ಕದಿಂದ ಎಬ್ಬಿಸಿ ದೂರ ಕೂರಿಸಿ. ಬಯಲಿನಲ್ಲಿ ದೂರ ದುಪ್ಪಟ್ಟಾದರೆ 6 ಡೆಸಿಬೆಲ್ ಇಳಿಯುತ್ತದೆ. ತಗಡಿನ ಶೆಡ್‌ನಲ್ಲಿ ಸದ್ದು ಚಾವಣಿಗೆ, ಗೋಡೆಗೆ ಬಡಿದು ವಾಪಸಾಗುವುದರಿಂದ ಅಷ್ಟು ಇಳಿಯದು, ಆದರೂ ಇಳಿಯುತ್ತದೆ.

ಪೇಂಟ್ ಬೂತ್‌ನಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು: ಟಾಲ್ಯೂಯೀನ್, ಸ್ಟೈರೀನ್‌ನಂಥ ದ್ರಾವಕಗಳ ಆವಿ ಒಳಗಿವಿಗೇ ವಿಷ, ಗದ್ದಲದ ಜೊತೆ ಸೇರಿದರೆ ಹಾನಿ ಹೆಚ್ಚು. ಜೆಂಟಾಮೈಸಿನ್, ಅಮಿಕಾಸಿನ್ ಇಂಜೆಕ್ಷನ್, ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧವೂ ಹಾಗೇ. ಇವುಗಳ ಚಿಕಿತ್ಸೆ ನಡೆಯುವಾಗ ಗದ್ದಲದ ಕೆಲಸದಲ್ಲಿದ್ದೇನೆ ಎಂದು ವೈದ್ಯರಿಗೆ ಹೇಳಿ.

ಢೋಲ್-ತಾಶಾ ವಿಷಯಕ್ಕೆ ಬರೋಣ. ಇದನ್ನು ಬಿಡಿ ಎಂದು ಹೇಳುವವನಲ್ಲ ನಾನು. ಆ ತಾಳ ಪುಣೆಯ ಉಸಿರು. ಆದರೆ ಗಣೇಶ ಬರುವುದಕ್ಕೆ ಎರಡು ತಿಂಗಳ ಮೊದಲಿನಿಂದ ಮುಠಾ ನದಿಯ ದಂಡೆಯಲ್ಲಿ ಸಂಜೆ ಸಂಜೆ ನಡೆಯುವ ಅಭ್ಯಾಸವೇ ಕಿವಿಗೆ ಹೆಚ್ಚು ಅಪಾಯ. ವಿಸರ್ಜನೆ ಒಂದೆರಡು ದಿನದ್ದು, ಅಭ್ಯಾಸ ದಿನಾಲೂ. ಪಥಕದ ನಡುವೆ ನೂರು ಡೆಸಿಬೆಲ್ ದಾಟುವುದು ಸಾಮಾನ್ಯ, ನೂರಕ್ಕೆ ಬರಿಗಿವಿಯ ಪಾಲು 15 ನಿಮಿಷ. ಅದರಲ್ಲೂ ತಾಶಾದವರು ಹೆಚ್ಚು ಜೋಪಾನವಾಗಿರಬೇಕು. ಢೋಲಿನ ಗುಡುಗು ಕೆಳಸ್ವರದ್ದು, ತಾಶಾದ ಕಡ್ಡಿ ಏಟು ಚುರುಕು, ಮೇಲ್ಸ್ವರದ್ದು, ಕಿವಿಯ ದುರ್ಬಲ ಜಾಗಕ್ಕೇ ಹೊಡೆಯುವಂಥದ್ದು. ಇಲ್ಲಿನ ಯಕ್ಷಗಾನ ಬಳಗಗಳ ಚೆಂಡೆಗೂ ಇದೇ ಮಾತು. ಫೋಮ್ ಹಾಕಿದರೆ ಮೇಲ್ಸ್ವರ ಸತ್ತು ತಾಳ ಮಬ್ಬಾಗುತ್ತದೆ, ಹುಡುಗರು ಕಿತ್ತೆಸೆಯುತ್ತಾರೆ. ಅವರಿಗೆ ಬೇಕಾದದ್ದು ಸಂಗೀತಗಾರರ ಪ್ಲಗ್ಗು: ನಡುವೆ ಸಣ್ಣ ಫಿಲ್ಟರ್ ಇರುತ್ತದೆ, ಎಲ್ಲ ಸ್ವರವನ್ನೂ 15-20 ಡೆಸಿಬೆಲ್‌ನಷ್ಟು ಸಮನಾಗಿ ತಗ್ಗಿಸುತ್ತದೆ, ತಾಳ ಸ್ಪಷ್ಟವಾಗಿಯೇ ಕೇಳುತ್ತದೆ. ಸಾಲಿನಲ್ಲಿ ಜಾಗ ಬದಲಾಯಿಸುತ್ತಾ ನಿಲ್ಲಿಸುವುದು, ಗೋಡೆ ಅಥವಾ ಸೇತುವೆಯ ಕೆಳಗೆ ಅಭ್ಯಾಸ ಮಾಡದಿರುವುದು, ನಡುನಡುವೆ ದೂರ ಹೋಗಿ ಕೂರುವುದು ಪಥಕದ ಮುಖ್ಯಸ್ಥರ ಕೈಯಲ್ಲಿದೆ. ಮೆರವಣಿಗೆ ನೋಡಲು ಹೋಗುವವರು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಲಕ್ಷ್ಮೀ ರಸ್ತೆಯ ಸ್ಪೀಕರ್ ಗೋಡೆಯ ಮುಂದೆ ನಿಲ್ಲಬೇಡಿ. ಸ್ಪೀಕರಿನ ಎತ್ತರಕ್ಕೆ ಸರಿಯಾಗಿ ಮಗುವಿನ ಕಿವಿಯನ್ನೇ ಹಿಡಿದಂತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಹೇಳಿದ ಮಿತಿ 15 ನಿಮಿಷದ ಸರಾಸರಿಯಲ್ಲಿ 100 ಡೆಸಿಬೆಲ್. ಗೋವಾದ ಬೀಚ್ ಪಾರ್ಟಿಗೆ ಹೋಗುವವರಿಗೂ ಅದೇ ಅಂಕಿ.

ಪಟಾಕಿ ಬೇರೆ ಜಾತಿ. ನಮ್ಮ ನಿಯಮದಲ್ಲಿ ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರುವಂತಿಲ್ಲ. ದೂರ ಅರ್ಧವಾದರೆ 6 ಏರುತ್ತದೆ, ಅಂದರೆ ಒಂದು ಮೀಟರಿನಲ್ಲಿ ಅದೇ ಪಟಾಕಿ 137. ದೊಡ್ಡ ಸದ್ದಿಗೆ ಒಳಗಿನ ಪುಟ್ಟ ಸ್ನಾಯುವೊಂದು ಬಿಗಿದು ತುಸು ತಡೆಯುತ್ತದೆ ನಿಜ, ಆದರೆ ಅದು ಬಿಗಿಯುವಷ್ಟರಲ್ಲಿ ಸಿಡಿತ ಮುಗಿದಿರುತ್ತದೆ. ಇಲ್ಲಿ ಗಂಟೆಗಳ ಲೆಕ್ಕವಿಲ್ಲ, ಒಂದೇ ಏಟು ಸಾಕು.

ಹಾಗೆ ಏಟು ಬಿದ್ದಾಗ ಮಾಡಬಾರದ ಕೆಲಸ ನಮ್ಮ ಮನೆಗಳಲ್ಲಿ ಮೊದಲು ಮಾಡುವುದೇ: ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವುದು. ತಮಟೆ ಹರಿದಿದ್ದರೆ ಎಣ್ಣೆ ನಡುಗಿವಿಗೆ ಇಳಿದು ಕೀವಾಗುತ್ತದೆ. ಎಣ್ಣೆ ಬೇಡ, ನೀರು ತಾಗಿಸಬೇಡಿ, ಜೋರಾಗಿ ಉಸಿರು ಬಿಟ್ಟು ಸಿಂಬಳ ತೆಗೆಯಬೇಡಿ. ಒಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಬಾಯಿ ಮುಚ್ಚಿ ‘ಮ್‌ಮ್’ ಎಂದು ಗುನುಗಿ. ಮಂದವಾದ ಕಿವಿಯಲ್ಲೇ ಗುನುಗು ಜೋರಾಗಿ ಕೇಳಿದರೆ ಗುಗ್ಗೆ ಕಟ್ಟಿರಬಹುದು ಅಥವಾ ತಮಟೆಯ ಕಡೆಯ ತೊಂದರೆ. ಸರಿಯಿರುವ ಕಿವಿಯ ಕಡೆಗೆ ಗುನುಗು ವಾಲಿದರೆ ಒಳಗಿವಿಗೆ ಪೆಟ್ಟಾಗಿದೆ, ಮರುದಿನವೇ ಇಎನ್‌ಟಿ ವೈದ್ಯರಲ್ಲಿಗೆ ಹೋಗಿ. ಮೊದಲ ಮೂರು ದಿನ ಅಮೂಲ್ಯ. ವೈದ್ಯರು ಸ್ಟೀರಾಯ್ಡ್ ಮಾತ್ರೆಯನ್ನೋ ತಮಟೆಯ ಮೂಲಕ ಇಂಜೆಕ್ಷನ್ನನ್ನೋ ಕೊಡಬಹುದು. ಎಲ್ಲರಿಗೂ ಫಲ ಸಿಗುವುದಿಲ್ಲ, ಆದರೆ ತಡವಾದಷ್ಟೂ ಸಿಗುವ ಸಾಧ್ಯತೆ ಕುಗ್ಗುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಮೊದಲೇ ಹೇಳಬೇಕು, ಸ್ಟೀರಾಯ್ಡ್ ಸಕ್ಕರೆ ಏರಿಸುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಾವೇ ನುಂಗುವ ಮಾತ್ರೆ ಇದಲ್ಲ.

ವರ್ಷಗಳಿಂದ ಸವೆದ ಕಿವಿಗೆ ಇಂಥ ತುರ್ತಿಲ್ಲ, ಆದರೆ ಪರೀಕ್ಷೆಯನ್ನು ಸರಿಯಾಗಿ ಓದುವುದು ಮುಖ್ಯ. ಆಡಿಯೋಗ್ರಾಮ್ (ಯಾವ ಸ್ವರ ಎಷ್ಟು ಮೆಲ್ಲಗಿದ್ದರೂ ಕೇಳುತ್ತದೆ ಎಂದು ತೋರಿಸುವ ಗೆರೆ) ಹಾಳೆಯಲ್ಲಿ ಕೆಂಪು ಸೊನ್ನೆ ಬಲಗಿವಿ, ನೀಲಿ ಕತ್ತರಿ ಗುರುತು ಎಡಗಿವಿ. ಮೇಲಿದ್ದಷ್ಟೂ ಒಳ್ಳೆಯದು, ಕೆಳಗೆ ಇಳಿದಷ್ಟೂ ಮಂದ. ಒಂದು ಮಾದರಿ ನೋಡಿ: 500 ಹರ್ಟ್ಸ್‌ನಲ್ಲಿ 10 ಡೆಸಿಬೆಲ್, 1,000ದಲ್ಲಿ 10, 2,000ದಲ್ಲಿ 15, 3,000ದಲ್ಲಿ 35, 4,000ದಲ್ಲಿ 55, 6,000ದಲ್ಲಿ 45, 8,000ದಲ್ಲಿ 25. ಗೆರೆ 4,000ದ ಹತ್ತಿರ ಬಾವಿಗೆ ಬಿದ್ದಂತೆ ಇಳಿದು 8,000ಕ್ಕೆ ಮೇಲೇಳುತ್ತದೆ. ಇದು ಗದ್ದಲದ ಸಹಿ. ವಯಸ್ಸಿನ ಮಂದದಲ್ಲಿ ಗೆರೆ ಇಳಿಯುತ್ತಲೇ ಹೋಗುತ್ತದೆ, ಮೇಲೇಳುವುದಿಲ್ಲ. ಈಗ ಮೋಸ ಎಲ್ಲಿದೆ ನೋಡಿ. ಮೊದಲ ಮೂರರ ಸರಾಸರಿ ಮಾತ್ರ ತೆಗೆದರೆ ಸುಮಾರು 12, ವರದಿಯಲ್ಲಿ ‘ನಾರ್ಮಲ್’ ಎಂದು ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯಂತೆ 4,000ವನ್ನೂ ಸೇರಿಸಿ ನಾಲ್ಕರ ಸರಾಸರಿ ತೆಗೆದರೆ 22.5, ಅಂದರೆ ಸಣ್ಣ ಮಟ್ಟದ ಶ್ರವಣದೋಷ. ಕಿವಿ ಅದೇ, ಹಾಳೆ ಅದೇ. ಆದ್ದರಿಂದ ‘ಫಿಟ್’ ಎಂಬ ಚೀಟಿಗೆ ತೃಪ್ತರಾಗದೆ ಗೆರೆಯಿರುವ ಹಾಳೆಯ ಪ್ರತಿ ಕೇಳಿ ಪಡೆಯಿರಿ. 3,000 ಮತ್ತು 6,000 ಅಳೆದಿಲ್ಲವಾದರೆ ಅಳೆಯಲು ಹೇಳಿ.

ಪರೀಕ್ಷೆಗೆ ಮೊದಲು 16 ಗಂಟೆ ಗದ್ದಲ ತಾಗಿರಬಾರದು. ವಾರದ ರಜೆಯ ಮರುದಿನ ಬೆಳಗ್ಗೆ, ಪಾಳಿಗೆ ಮೊದಲು ಮಾಡಿಸುವುದು ಸರಿ. ಪಾಳಿ ಮುಗಿದ ಮೇಲೆ ಮಾಡಿದರೆ ತಾತ್ಕಾಲಿಕ ಮಂದವೂ ಸೇರಿಕೊಳ್ಳುತ್ತದೆ. ಕ್ಯಾಂಟೀನಿನ ಮೂಲೆಯಲ್ಲಿ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ, ಸದ್ದು ನುಸುಳದ ಕೋಣೆ ಬೇಕು. ಗುಗ್ಗೆ ತೆಗೆಸಿಯೇ ಹೋಗಿ. ಕೆಲಸಕ್ಕೆ ಸೇರಿದಾಗಿನ ಹಾಳೆಯೊಂದಿಗೆ ಹೋಲಿಸಿ 2,000, 3,000, 4,000ದ ಸರಾಸರಿ ಅಂಕಿ 10 ಹೆಚ್ಚಿದ್ದರೆ ಅದೇ ಎಚ್ಚರಿಕೆಯ ಗಂಟೆ. ಗದ್ದಲದ ಮಂದ ಮೊದಲ ಹತ್ತು ವರ್ಷದಲ್ಲೇ ಬೇಗ ಬೇಗ ಇಳಿಯುವುದರಿಂದ ಹೊಸದಾಗಿ ಸೇರಿದ ಹುಡುಗರಿಗೆ ಪರೀಕ್ಷೆ ಹೆಚ್ಚು ಬೇಕು. ಸಾಮಾನ್ಯವಾಗಿ ಎರಡೂ ಕಿವಿ ಸಮನಾಗಿ ಹೋಗುತ್ತವೆ. ಒಂದೇ ಕಿವಿ ಹೋಗಿದ್ದರೆ, ಒಂದೇ ಕಿವಿಯಲ್ಲಿ ಗುಂಯ್ ಇದ್ದರೆ ಗದ್ದಲದ ಮೇಲೆ ಹಾಕಿ ಬಿಡಬೇಡಿ; ಶ್ರವಣನರದ ಗಡ್ಡೆ ಇಲ್ಲವೆಂದು ಎಂಆರ್‌ಐ ಮಾಡಿಸಿ ಖಚಿತ ಮಾಡಿಕೊಳ್ಳಬೇಕಾಗುತ್ತದೆ.

ಸತ್ತ ಕೋಶವನ್ನು ಮತ್ತೆ ಬೆಳೆಸುವ ಔಷಧ ಇಂದಿಗೂ ಇಲ್ಲ. ನರಕ್ಕೆ ಶಕ್ತಿ ಎಂದು ಬರೆದುಕೊಡುವ ವಿಟಮಿನ್ ಇಂಜೆಕ್ಷನ್‌ಗೆ ದುಡ್ಡು ಸುರಿಯಬೇಡಿ. ಸಮಾಧಾನದ ಸಂಗತಿಯೆಂದರೆ ಗದ್ದಲ ನಿಂತರೆ ಅದರಿಂದಾಗುವ ಮಂದವೂ ಅಲ್ಲಿಗೆ ನಿಲ್ಲುತ್ತದೆ. ಉಳಿದದ್ದಕ್ಕೆ ಶ್ರವಣಯಂತ್ರ. ಇಂಥ ಕಿವಿಗೆ ಕೆಳಸ್ವರ ಚೆನ್ನಾಗಿಯೇ ಕೇಳುವುದರಿಂದ ಕಿವಿಯನ್ನು ಪೂರ್ತಿ ಮುಚ್ಚದ, ತೂತಿನ ತುದಿಯ ಯಂತ್ರ ಬೇಕು; ಮುಚ್ಚುವ ಅಚ್ಚು ಹಾಕಿದರೆ ತಮ್ಮದೇ ಮಾತು ಮೊಳಗಿ ಯಂತ್ರ ಕಪಾಟು ಸೇರುತ್ತದೆ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ‘ಕಿವಿ ಮಷಿನ್’ ಎಲ್ಲ ಸ್ವರವನ್ನೂ ಒಂದೇ ಸಮ ಹಿಗ್ಗಿಸುತ್ತದೆ, ಚೆನ್ನಾಗಿರುವ ಜಾಗಕ್ಕೂ ಪೆಟ್ಟು. ಕೊಳ್ಳುವ ಮೊದಲು ಕೆಲವು ದಿನ ಮನೆಯಲ್ಲೂ ಹೋಟೆಲಿನಲ್ಲೂ ಹಾಕಿ ನೋಡಲು ಕೇಳಿ. ಮಿದುಳು ಹೊಂದಿಕೊಳ್ಳಲು ಕೆಲವು ವಾರ ಬೇಕು. ಶಾಪ್ ಒಳಗೆ ಯಂತ್ರ ಆಫ್ ಮಾಡಿ ಪ್ಲಗ್ಗಿನಂತೆ ಬಳಸುವಂತಿಲ್ಲ. ಮುಂಬಯಿಯ ಬಾಂದ್ರಾ ರಿಕ್ಲಮೇಶನ್‌ನಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಪರೀಕ್ಷೆ, ಯಂತ್ರ ಎರಡಕ್ಕೂ ಸರಕಾರದ ಜಾಗ. ಆದಾಯ ಕಡಿಮೆಯಿದ್ದವರಿಗೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಯಂತ್ರ ಸಿಗುತ್ತದೆ.

ಯಂತ್ರ ಕೂರಿಸುವಾಗ ಮಾತು ಎಷ್ಟು ತಿಳಿಯುತ್ತದೆ ಎಂದು ಪದ ಹೇಳಿಸಿ ನೋಡುತ್ತಾರೆ. ಇಲ್ಲಿ ಆ ಪದಗಳು ಸಾಮಾನ್ಯವಾಗಿ ಮರಾಠಿ, ಹಿಂದಿ. ಕಲಬುರಗಿಯಿಂದ ಬಂದವರು ಮರಾಠಿ ಪದ ಗುರುತಿಸದಿದ್ದರೆ ತಪ್ಪು ಕಿವಿಯದೋ ಭಾಷೆಯದೋ ಹೇಳಲಾಗದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸಿದ್ಧಪಡಿಸಿದ ಕನ್ನಡದ ಪದಪಟ್ಟಿಗಳಿವೆ, ಆಡಿಯಾಲಜಿಸ್ಟರಲ್ಲಿ ಅದನ್ನೇ ಕೇಳಿ. ಇಲ್ಲದಿದ್ದರೆ ಮನೆಯವರನ್ನು ಜೊತೆಗೆ ಕರೆದೊಯ್ದು, ಅವರು ಕೈಯಿಂದ ಬಾಯಿ ಮರೆಮಾಡಿ ಸಹಜ ದನಿಯಲ್ಲಿ ಪದ ಹೇಳಲಿ.

ಕಿವಿಯ ಗುಂಯ್‌ಗೆ ಪೂರ್ತಿ ನಿಶ್ಶಬ್ದ ಶತ್ರು. ರಾತ್ರಿ ಫ್ಯಾನಿನ ಅಥವಾ ಮಳೆಯ ಮೆಲುಸದ್ದು ಇಟ್ಟುಕೊಂಡು ಮಲಗಿ. ಮಂದವೂ ಇದ್ದರೆ ಶ್ರವಣಯಂತ್ರದಿಂದಲೇ ಎಷ್ಟೋ ಜನರಿಗೆ ಗುಂಯ್ ಹಗುರಾಗುತ್ತದೆ. ನಿದ್ದೆ ಕೆಡಿಸುವ, ಮನಸ್ಸು ಕುಗ್ಗಿಸುವ ಮಟ್ಟಕ್ಕೆ ಬಂದಿದ್ದರೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ನಿಜವಾಗಿ ನೆರವಾಗುತ್ತದೆ.

ಕೊನೆಗೆ ಕಾಗದಪತ್ರ. ಗದ್ದಲದಿಂದಾದ ಶ್ರವಣದೋಷ ಕಾರ್ಖಾನೆ ಕಾಯ್ದೆಯ ಅಧಿಸೂಚಿತ (ಸರಕಾರಕ್ಕೆ ತಿಳಿಸಲೇಬೇಕಾದ) ಕಾಯಿಲೆಗಳಲ್ಲಿತ್ತು, ಅದರ ಜಾಗಕ್ಕೆ ಬಂದ ಕಾರ್ಮಿಕ ಸಂಹಿತೆಯಲ್ಲೂ ಇದೆ. ಪರಿಹಾರ ಕೊಡಬೇಕಾದ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲೂ ಸೇರಿದೆ. ಹಕ್ಕು ಸಾಬೀತಾಗುವುದು ಹಾಳೆಗಳಿಂದ: ಸೇರಿದ ವರ್ಷದ ಆಡಿಯೋಗ್ರಾಮ್, ಪ್ರತಿ ವರ್ಷದ್ದು, ಯಾವ ವಿಭಾಗದಲ್ಲಿ ಎಷ್ಟು ವರ್ಷ ಇದ್ದಿರಿ ಎಂಬುದಕ್ಕೆ ದಾಖಲೆ, ಶಾಪಿನ ಸದ್ದಿನ ಅಳತೆಯ ವರದಿ. ಗುತ್ತಿಗೆದಾರರು ಬದಲಾದಂತೆ ಇವು ಕಳೆದುಹೋಗುತ್ತವೆ. ಪ್ರತಿಯೊಂದರ ಫೋಟೋ ತೆಗೆದು, ದಿನಾಂಕ ಬರೆದು, ಊರಿನ ಮನೆಯವರ ಫೋನಿಗೂ ಒಂದು ಪ್ರತಿ ಕಳಿಸಿ ಇಡಿ.